‘ಉದ್ದ’ ಅಂದರೆ ಎಷ್ಟುದ್ದ?

ಪ್ರಶ್ನೆ: ನಮ್ಮ ಡೇಟಾಬೇಸ್ ಫಂಕ್ಷನ್‌ಗಳಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇವೆ. ‘ಲೆಂಗ್ತ್: ಪಠ್ಯದಲ್ಲಿರುವ ಅಕ್ಷರಗಳ ಸಂಖ್ಯೆ ಕೊಡುತ್ತದೆ’ ಎಂಬ ವಿವರಣೆ ಓದಿದವರು ಲೆಕ್ಕ ತಾಳೆಯಾಗುತ್ತಿಲ್ಲ ಎನ್ನುತ್ತಾರೆ. ಏನು ತಪ್ಪು?

ಉತ್ತರ: ಫಂಕ್ಷನ್ ಸರಿಯಾಗಿದೆ, ‘ಅಕ್ಷರ’ ಎಂದದ್ದು ತಪ್ಪು. ‘ಕನ್ನಡ’ ಎಂಬ ಪದವನ್ನೇ ನೋಡಿ. ಓದುವವರಿಗೆ ಕ, ನ್ನ, ಡ: ಮೂರೇ ಅಕ್ಷರ. ಲಿಪಿಯ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ಗೆ ಕ, ನ, ಹಲಂತ ಚಿಹ್ನೆ, ನ, ಡ: ಐದು ಕೋಡ್‌ಪಾಯಿಂಟ್ (ಅಂಥ ಒಂದೊಂದು ಸಂಖ್ಯೆ). ಅವನ್ನು ಬೈಟ್‌ಗಳಾಗಿ (ಕಂಪ್ಯೂಟರ್ ಸ್ಮರಣೆಯ ಅಳತೆ) ಉಳಿಸುವ ಯುಟಿಎಫ್-8 ವಿಧಾನದಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 15. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಲೆಂಗ್ತ್ 5 ಕೊಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದೇ ಹೆಸರಿನ ಫಂಕ್ಷನ್ 15 ಕೊಡುತ್ತದೆ. ಅಲ್ಲಿ 5 ಬೇಕಿದ್ದರೆ ಚಾರ್_ಲೆಂಗ್ತ್ ಬಳಸಬೇಕು. ನಿಮ್ಮ ಓದುಗರು ಎಣಿಸಿದ 3 ಇವೆರಡರಲ್ಲೂ ಸಿಗದು.

ಆದ್ದರಿಂದ ಕೈಪಿಡಿಯಲ್ಲಿ ‘ಬೈಟ್’, ‘ಕೋಡ್‌ಪಾಯಿಂಟ್’ ಎಂದೇ ಬರೆಯಿರಿ. ‘ಅಕ್ಷರ’ವನ್ನು ಕಣ್ಣಿಗೆ ಕಾಣುವುದಕ್ಕೆ ಮೀಸಲಿಡಿ. ಉದಾಹರಣೆಗೆ ಇಂಗ್ಲಿಷ್ ಪದ ಕೊಡಬೇಡಿ; ಅದರಲ್ಲಿ ಮೂರೂ ಲೆಕ್ಕ ಒಂದೇ ಬರುವುದರಿಂದ ಗೊಂದಲ ಮುಚ್ಚಿಹೋಗುತ್ತದೆ. ಒತ್ತಕ್ಷರವಿರುವ ಪದವೇ ಇರಲಿ.

ಕಾಲಂ ಅಳತೆಗೂ ಇದೇ ಎಚ್ಚರ ಬೇಕು, ಇಲ್ಲಿ ನಷ್ಟ ಹೆಚ್ಚು. ಆರಕಲ್ ಡೇಟಾಬೇಸ್‌ನಲ್ಲಿ ಪಠ್ಯದ ಕಾಲಂಗೆ ವಾರ್‌ಚಾರ್2(20) ಎಂದಷ್ಟೇ ಬರೆದರೆ, ಸೆಟ್ಟಿಂಗ್ ಬದಲಿಸದಿದ್ದಲ್ಲಿ, ಅದು 20 ಬೈಟ್. ಕನ್ನಡದಲ್ಲಿ 6 ಕೋಡ್‌ಪಾಯಿಂಟ್‌ಗೇ ಭರ್ತಿ. ‘ರಾಜ್‌ಕುಮಾರ್’ ಎಂಬ ಹೆಸರಿಗೆ 33 ಬೈಟ್ ಬೇಕು, ಹಾಗಾಗಿ ಸಾಲು ಸೇರದೆ ದೋಷ ಬರುತ್ತದೆ. ಆವರಣದೊಳಗೆ 20ರ ನಂತರ ‘ಚಾರ್’ ಸೇರಿಸಿದರೆ ಸರಿಹೋಗುತ್ತದೆ.

ಆ ಹೆಸರಿನಲ್ಲಿ ಜ್ ಮತ್ತು ಕು ನಡುವೆ ಕಾಣದ ಒಂದು ಚಿಹ್ನೆ ಕೂತಿದೆ: ಒತ್ತು ಬೀಳದಂತೆ ತಡೆಯುವ ಶೂನ್ಯ ಅಗಲದ ನಾನ್-ಜಾಯ್ನರ್. ಅದೂ ಒಂದು ಕೋಡ್‌ಪಾಯಿಂಟ್, 3 ಬೈಟ್. ‘ಕೊ’ ಕೂಡ ಎರಡು ಬಗೆಯಲ್ಲಿ ಉಳಿಯಬಹುದು: ಕ ಜೊತೆಗೆ ಒಂದೇ ಸ್ವರಚಿಹ್ನೆ, ಇಲ್ಲವೇ ಎತ್ವ ಮತ್ತು ಊಕಾರದ ಎರಡು ಚಿಹ್ನೆ. ನೋಟ ಒಂದೇ, ಉದ್ದ ಬೇರೆ, ಹುಡುಕಾಟವೂ ಕೈಕೊಡುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಎಂಬ ಫಂಕ್ಷನ್ ಇದೆ; ಈ ಎರಡು ರೂಪಗಳನ್ನು ಅದು ಒಂದಾಗಿಸುತ್ತದೆ, ನಾನ್-ಜಾಯ್ನರನ್ನು ಮಾತ್ರ ತೆಗೆಯುವುದಿಲ್ಲ.

ಪ್ರಶ್ನೆ: ನಲ್ ಎಂಬುದಕ್ಕೆ ‘ಶೂನ್ಯ’ ಎನ್ನಬಹುದೇ?

ಉತ್ತರ: ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಖಾಲಿ ಪಠ್ಯದ ಉದ್ದ ಶೂನ್ಯ, ನಲ್‌ನ ಉದ್ದ ನಲ್. ‘ಖಾಲಿ’ಯೂ ಸಲ್ಲದು, ಅದು ಖಾಲಿ ಪಠ್ಯಕ್ಕೆ ಬೇಕು. ‘ನಲ್’ ಎಂದೇ ಬರೆದು, ಮೊದಲ ಸಲ ‘ಮೌಲ್ಯ ದಾಖಲಾಗಿಲ್ಲ’ ಎಂದು ವಿವರಿಸಿ. ಆರಕಲ್ ಬಳಸುವವರಿಗೆ ಇನ್ನೊಂದು ಸಾಲು ಸೇರಿಸಿ: ಅಲ್ಲಿ ಖಾಲಿ ಪಠ್ಯವನ್ನೂ ನಲ್ ಎಂದೇ ಪರಿಗಣಿಸುವುದರಿಂದ ಅದರ ಉದ್ದ ಕೇಳಿದರೆ 0 ಬರುವುದಿಲ್ಲ, ನಲ್ ಬರುತ್ತದೆ.