ರಾತ್ರಿ ಮೊಬೈಲ್ ಆರಿಸಿಡಬೇಕೇ? ಅಡಿಕೆಯ ನಳ್ಳಿ ಉದುರಿದ್ದು ಕಾಸ್ಮಿಕ್ ಕಿರಣದಿಂದಲೇ?

ಪೆರ್ಲದ ಅಣ್ಣ, ‘ಇಂದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಕಾಸ್ಮಿಕ್ ಕಿರಣ ಭೂಮಿಯ ಪಕ್ಕ ಹಾದುಹೋಗುತ್ತದೆ, ಮೊಬೈಲ್ ಆರಿಸಿ ದೂರವಿಡಿ’ ಎಂದು ನೀವು ಹಾಕಿದ ಸಂದೇಶ ನನಗೂ ಮೂರು ಕಡೆಯಿಂದ ಬಂದಿದೆ. ತೋಟದಲ್ಲಿ ನಳ್ಳಿ, ಅಂದರೆ ಎಳೆಯ ಅಡಿಕೆಕಾಯಿ, ಉದುರಿದ್ದೂ ಇದರಿಂದಲೇ ಎಂದು ಕೇಳಿದ್ದೀರಿ. ಹಳೆಯ ಸರಕು, ಆಗಾಗ ತಿರುಗಿ ಬರುತ್ತದೆ. ಕಾಸ್ಮಿಕ್ ಕಿರಣವೆಂದರೆ ಬಾಹ್ಯಾಕಾಶದಿಂದ ಹಗಲಿರುಳೂ ಬಂದು ಬೀಳುವ ಕಣಗಳು, ಅದಕ್ಕೆ ರಾತ್ರಿಪಾಳಿ ಎಂಬುದಿಲ್ಲ. ಆಸ್ಟ್ರಿಯಾದ ವಿಜ್ಞಾನಿ ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ 5,000 ಮೀಟರಿಗೂ ಮೇಲೆ ಹೋಗಿ ಇದನ್ನು ಕಂಡುಹಿಡಿದರು. ರಾತ್ರಿಯೂ ಹಾರಿದರು, ಸೂರ್ಯಗ್ರಹಣದ ದಿನವೂ ಹಾರಿದರು, ಅಳತೆ ತಗ್ಗಲಿಲ್ಲ. ಈಗ ನೀವು ಅಂಗೈ ಚಾಚಿದರೂ ಸೆಕೆಂಡಿಗೆ ಒಂದೆರಡು ಮ್ಯೂಯಾನ್ ಕಣಗಳು ಅದನ್ನು ತೂರಿಕೊಂಡು ಹೋಗುತ್ತವೆ. ಬಾಹ್ಯಾಕಾಶದ ಪ್ರೋಟಾನ್‌ಗಳು ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಮರಿಗಳು ಅವು.

ಹಾಗಾಗಿ ನಳ್ಳಿ ಉದುರಿದ್ದಕ್ಕೆ ಆಕಾಶವನ್ನು ದೂರಬೇಡಿ. ಬಿದ್ದ ನಳ್ಳಿಯಲ್ಲಿ ಸೂಜಿ ಚುಚ್ಚಿದಂಥ ಗುರುತಿದೆಯೇ ನೋಡಿ, ಇದ್ದರೆ ತಿಗಣೆಯ ಕೆಲಸ. ನಾಲ್ಕು ಕಾಯಿ ಕಟ್ಟಿಕೊಂಡು ಕಾಸರಗೋಡು ಬಳಿಯ ಕೂಡ್ಲಿನಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಗೆ ಹೋಗಿ ತೋರಿಸಿ.

ಕಿರಣವನ್ನು ಕಣ್ಣಾರೆ ನೋಡಬೇಕೆಂದರೆ ದಾರಿಯಿದೆ. ಮದುವೆ ವೇದಿಕೆಯಲ್ಲಿ ಹೊಗೆ ಎಬ್ಬಿಸುತ್ತಾರಲ್ಲ, ಆ ಡ್ರೈ ಐಸ್ ಎರಡು ಕಿಲೋ ಬೇಕು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಅದನ್ನು ಹರಡಿ, ಮೇಲೆ ಕಪ್ಪು ಬಣ್ಣ ಹೊಡೆದ ಅಲ್ಯೂಮಿನಿಯಂ ತಗಡು ಇಡಿ. ಸಣ್ಣ ಮೀನಿನ ತೊಟ್ಟಿಯ ತಳಕ್ಕೆ ಒಳಗಿನಿಂದ ದಪ್ಪ ಬಟ್ಟೆ ಅಂಟಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೋಯಿಸಿ, ತೊಟ್ಟಿಯನ್ನು ತಗಡಿನ ಮೇಲೆ ಕವುಚಿ. ಅಂಚಿಗೆ ಮಕ್ಕಳು ಆಡುವ ಕ್ಲೇ ಮೆತ್ತಿ. ನಾನು ಮೊದಲ ಸಲ ಮನೆಯಲ್ಲಿದ್ದ ಸ್ಯಾನಿಟೈಸರ್ ಸುರಿದು ಕುಳಿತೆ. ಒಂದು ಗಂಟೆ ಬರೀ ಮಂಜು. ಶೇಕಡಾ 99ರದ್ದೇ ಬೇಕು. ಎರಡನೆಯ ಸಲ ತಗಡು ವಾಲಿತ್ತು, ಆಲ್ಕೋಹಾಲ್ ಒಂದು ಮೂಲೆಗೆ ಹರಿದು ನಿಂತಿತು. ಮೂರನೆಯ ಸಲ ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಪಕ್ಕದಿಂದ ತಗ್ಗಿಸಿ ಹಿಡಿದೆ. ಕಾಲು ಗಂಟೆಯಲ್ಲಿ ತಗಡಿನ ಮೇಲೆ ಬೆರಳಗಲದ ಮಂಜು ಕಟ್ಟಿತು. ಅದರಲ್ಲಿ ಕಣ ಹಾದ ದಾರಿಯುದ್ದಕ್ಕೂ ಜೇಡನ ನೂಲಿನಂಥ ಬಿಳಿ ಗೆರೆ ಮೂಡಿ, ಎರಡು ಸೆಕೆಂಡಿನಲ್ಲಿ ಕದಡಿ ಹೋಯಿತು. ನೀಳವಾಗಿ ನೆಟ್ಟಗಿದ್ದರೆ ಹೆಚ್ಚಾಗಿ ಮ್ಯೂಯಾನ್, ಅಂಕುಡೊಂಕಾದರೆ ಎಲೆಕ್ಟ್ರಾನ್, ಗಿಡ್ಡ, ದಪ್ಪ ಗೆರೆ ಮಾತ್ರ ಆಕಾಶದ್ದಲ್ಲ, ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣ ಸೂಸುವ ಅನಿಲದ್ದು.

ಕೈಗವಸು ಹಾಕಿಯೇ ಐಸ್ ಮುಟ್ಟಿ, ಅದು ಮೈನಸ್ 78 ಡಿಗ್ರಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಪೆಟ್ಟಿಗೆಯ ಮುಚ್ಚಳ ಬಿಗಿಯಬೇಡಿ.

ಇನ್ನು ಮೊಬೈಲ್ ಕೆಟ್ಟೀತೆಂದು ಹೆದರಬೇಕಾದದ್ದು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ. ಊಟಿಯಲ್ಲಿ ಕಾಸ್ಮಿಕ್ ಕಿರಣ ಅಳೆಯುವ ಗ್ರೇಪ್ಸ್-3 ಪ್ರಯೋಗದವರು 2014ರ ಡಿಸೆಂಬರ್ 1ರಂದು ಗುಡುಗು ಮೋಡವೊಂದು ಹಾದುಹೋಗುವಾಗ ಮ್ಯೂಯಾನ್ ಎಣಿಕೆ ಇಳಿದದ್ದನ್ನು ಗಮನಿಸಿ, ಆ ಮೋಡದಲ್ಲಿ ಸುಮಾರು 130 ಕೋಟಿ ವೋಲ್ಟ್ ಇತ್ತೆಂದು ಲೆಕ್ಕ ಹಾಕಿದರು. ನೀವು ಹೆದರಿದ ಕಿರಣವೇ ಅಲ್ಲಿ ಅಳತೆಗೋಲಾಯಿತು ನೋಡಿ! ಗುಡುಗು ದೂರದಲ್ಲಿರುವಾಗಲೇ ಚಾರ್ಜರ್ ಕಿತ್ತಿಡಿ, ಪಂಪಿನ ಫ್ಯೂಸ್ ತೆಗೆದಿಡಿ.

ಮುಂದಿನ ಭಾನುವಾರ ನೆರೆಮನೆಯ ಮದುವೆಗೆ ಡ್ರೈ ಐಸ್ ತರಿಸುತ್ತಿದ್ದಾರೆ. ಉಳಿದರೆ ತಿಳಿಸುತ್ತೇನೆ, ಏಳು ಗಂಟೆಯ ನಂತರ ಮಕ್ಕಳನ್ನು ಕರೆದುಕೊಂಡು ಬನ್ನಿ.