ಖರ್ಚಿಲ್ಲದ ಪೂಜೆಯೇ ಮೊದಲು ನಿಂತ ಮನೆ

ಕಲಬುರಗಿಯ ಲಿಂಗಾಯತ ಕುಟುಂಬವೊಂದರ ತಾಯಿ, ಇಪ್ಪತ್ತರ ಹರೆಯದ ಮಗ ಇಷ್ಟಲಿಂಗ ಪೂಜೆಯನ್ನು ಬಿಟ್ಟು ಹೊತ್ತೆಲ್ಲ ಮೊಬೈಲಿನಲ್ಲಿ ರಿಯಾಯಿತಿ ಮಾರಾಟಗಳನ್ನೇ ನೋಡುತ್ತಾನೆಂದು ದೂರಿ, ಅವನಿಗೆ ಬುದ್ಧಿ ಹೇಳಬೇಕೆಂದು ಸಲಹೆಗಾಗಿ ಬಂದಿದ್ದಾಗ ನನ್ನನ್ನು ಕೋರಿದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಪ್ರತ್ಯೇಕವಾಗಿ ಮಾತನಾಡಿಸಿದಾಗ ಮಗ ದೇವರನ್ನಾಗಲಿ ಶರಣರನ್ನಾಗಲಿ ಅಲ್ಲಗಳೆಯಲಿಲ್ಲ. ಅಜ್ಜ ನಸುಕಿನಲ್ಲಿ ಮಿಂದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಪೂಜಿಸಿದ ಮೇಲೆಯೇ ಉಣ್ಣಲು ಕೂಡುತ್ತಿದ್ದುದನ್ನು ಅವನು ಪ್ರೀತಿಯಿಂದ ನೆನೆದನು. ಆ ಕ್ರಮ ತಪ್ಪಿದ್ದು ಮಗನಿಂದಲ್ಲ, ತಂದೆಯ ಕಾಲದಲ್ಲಿ. ಮನೆ, ಕಾರು, ದೊಡ್ಡ ಟಿವಿ ಎಲ್ಲವೂ ಸಾಲದ ಮೇಲೆ ಬಂದ ನಂತರ, ತಂದೆ ಬೆಳಗ್ಗೆ ಬೇಗ ಅಂಗಡಿ ತೆರೆಯತೊಡಗಿದರು. “ಪೂಜಾಕ್ಕ ಕುಂತ್ರ ಮನಸ್ಸು ಕಂತಿನ ಕಡೆಗೇ ಓಡ್ತದ್ರೀ” ಎಂದು ಅವರೇ ಹೇಳಿದರು. ಆದರೆ ದೇವರ ಮನೆಯ ಅಮೃತಶಿಲೆಗೂ, ನೆಂಟರನ್ನೆಲ್ಲ ಕರೆದು ನಡೆಸಿದ ಗೃಹಪ್ರವೇಶಕ್ಕೂ ಹಣ ಕಡಿಮೆಯಾಗಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇಲ್ಲಿದೆ. 12ನೇ ಶತಮಾನದ ಕಲ್ಯಾಣದ ಶರಣರು ಗುಡಿಯನ್ನೂ ಪುರೋಹಿತರನ್ನೂ ಅವಲಂಬಿಸದ, ಬಡವರೂ ಇಷ್ಟಲಿಂಗವನ್ನು ಮೈಮೇಲೆ ಧರಿಸಿ ನಡೆಸಬಹುದಾದ ಆರಾಧನೆಯನ್ನು ಬೆಳೆಸಿದರು. ಕೊಂಡುಕೊಂಡದ್ದರಿಂದಲೇ ಬದುಕಿನ ಬೆಲೆಯನ್ನು ಅಳೆಯುವ ಮನೆಯಲ್ಲಿ, ಏನನ್ನೂ ಕೊಳ್ಳಬೇಕಿಲ್ಲದ, ಯಾರಿಗೂ ತೋರಿಸಲಾಗದ ಆ ಆಚರಣೆಯೇ ಮೊದಲು ನಿಂತಿತು; ಖರ್ಚಿನ ಆಚರಣೆಗಳು ಉಳಿದುಕೊಂಡವು.

ಮಗ ವಯಸ್ಕನಾದ್ದರಿಂದ ಪೂಜೆ ಅವನ ಆಯ್ಕೆಯೆಂದೂ, ಊಟಕ್ಕಾಗಲಿ ಹಣಕ್ಕಾಗಲಿ ಅದನ್ನು ಷರತ್ತಾಗಿಸಬಾರದೆಂದೂ ತಾಯಿಗೆ ತಿಳಿಸಿದೆ. ಹಳೆಯ ಸಣ್ಣ ಸಾಲಗಳು ತೀರುವವರೆಗೆ ಹೊಸ ಕಂತು ಬೇಡವೆಂದು ತಂದೆಗೆ ಹೇಳಿದೆ. ‘ಶೂನ್ಯ ಬಡ್ಡಿ’ ಎಂಬ ಮಾತನ್ನು ಅವರು ಪೂರ್ತಿ ನಂಬಿದ್ದರು. ಅಂಥದ್ದೊಂದು ಇಲ್ಲವೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು ಎಂಬುದನ್ನೂ, ಬಡ್ಡಿ ಸಂಸ್ಕರಣಾ ಶುಲ್ಕದಲ್ಲಿ ಅಡಗಿರಬಹುದೆಂಬುದನ್ನೂ ವಿವರಿಸಿದೆ. ಮಗನನ್ನು ಕರೆಯದೆ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ತಾವೊಬ್ಬರೇ ಪೂಜೆಗೆ ಮರಳುವಂತೆ ಸೂಚಿಸಿದೆ. ಹೋಳಿಯ ನಂತರ ನಡೆಯುವ ಶರಣಬಸವೇಶ್ವರ ಜಾತ್ರೆಗೆ ಖರೀದಿಗಾಗಿಯಲ್ಲದೆ, ದಾಸೋಹದಲ್ಲಿ ಬಡಿಸುವ ಸೇವೆ ಕೇಳಿಕೊಂಡು ಮೂವರೂ ಹೋಗಬೇಕೆಂದೆ.

ತಂದೆ ಪೂಜೆ ಆರಂಭಿಸಿದ್ದಾರೆ. ಮಗ ಬಡಿಸಲು ಹೋದನು, ಪೂಜೆಗೆ ಮರಳಿಲ್ಲ. ತಾಯಿಯ ನೋವು ಇನ್ನೂ ಉಳಿದಿರುವುದರಿಂದ ಅವರೊಂದಿಗಿನ ಭೇಟಿಗಳನ್ನು ಮುಂದುವರಿಸಿದ್ದೇನೆ.