ನಿಂತ ಚಿತ್ರ ತಿರುಗುವುದೇಕೆ?

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ತಿರುಗುವ ಹಾವುಗಳು’ ವಿಡಿಯೊ ಅಲ್ಲ, ಬರೀ ಚಿತ್ರ. ಆದರೂ ಸುರುಳಿಗಳು ತಿರುಗುತ್ತವೆ. ದಿಟ್ಟಿಸಿದ ಸುರುಳಿ ಮಾತ್ರ ನಿಲ್ಲುತ್ತದೆ. ಅಮ್ಮನಿಗೆ ಒಂದೂ ತಿರುಗುವುದಿಲ್ಲ. ಯಾರ ಕಣ್ಣಿನಲ್ಲಿ ದೋಷ?

ಉತ್ತರ: ಇಬ್ಬರದರಲ್ಲೂ ಇಲ್ಲ. ಜಪಾನಿನ ಮನೋವಿಜ್ಞಾನಿ ಅಕಿಯೋಶಿ ಕಿಟಾವೊಕಾ 2003ರಲ್ಲಿ ರಚಿಸಿದ ಈ ಚಿತ್ರ ಕೆಲವರಿಗೆ ಅಲುಗುವುದೇ ಇಲ್ಲ. ಗುಟ್ಟಿರುವುದು ಹೊಳಪಿನ ಸರದಿಯಲ್ಲಿ: ಕಪ್ಪು, ಕಡುನೀಲಿ, ಬಿಳಿ, ಹಳದಿ, ಮತ್ತೆ ಕಪ್ಪು. ಮುಖ್ಯ ವಿವರಣೆ ಹೀಗಿದೆ. ಕಪ್ಪು–ಬಿಳಿಗಳ ತೀವ್ರತೆಗೆ ನರಕೋಶಗಳು ಬೇಗ ಸ್ಪಂದಿಸುತ್ತವೆ, ನಡುವಿನ ಹೊಳಪಿಗೆ ಕೊಂಚ ತಡವಾಗಿ. ಕಪ್ಪಿನ ಸುದ್ದಿ ಮೊದಲು ತಲುಪುತ್ತದೆ, ಪಕ್ಕದ ನೀಲಿಯದು ಹಿಂದೆಯೇ ಬರುತ್ತದೆ. ಉರುಳುವ ಚೆಂಡನ್ನು ಮಿದುಳು ಗುರುತಿಸುವುದೂ ‘ಇಲ್ಲಿ ಮೊದಲು, ಪಕ್ಕದಲ್ಲಿ ಆಮೇಲೆ’ ಎಂಬ ಇದೇ ಲೆಕ್ಕದಿಂದ. ಮಕಾಕ್ ಮಂಗಗಳ ನರಕೋಶಗಳಲ್ಲಿ ಈ ಕಾಲದ ಅಂತರ 2005ರಲ್ಲಿ ವರದಿಯಾಯಿತು.

ಭ್ರಮೆ ಬಲವಾಗಿರುವುದು ಕಡೆಗಣ್ಣಿಗೆ. ಪ್ರತಿ ಸಲ ಕಣ್ಣು ಸರಿದಾಗ, ರೆಪ್ಪೆ ಬಡಿದಾಗ ಚಿತ್ರ ಅಕ್ಷಿಪಟಲದ ಮೇಲೆ ಹೊಸದಾಗಿ ಬೀಳುತ್ತದೆ, ಸುತ್ತು ಮತ್ತೆ ಶುರು. ನೋಟ ನೆಟ್ಟರೆ ಕೆಲವೇ ಸೆಕೆಂಡಿನಲ್ಲಿ ಕುಗ್ಗುತ್ತದೆ.

ನೀವೇ ಬರೆದು ನೋಡಿ, ಅರ್ಥವಾಗುವುದು ಆಗಲೇ. 10 ಸೆಂ.ಮೀ. ವ್ಯಾಸದ ಎರಡು ವೃತ್ತಗಳನ್ನು ಅಕ್ಕಪಕ್ಕ ಎಳೆಯಿರಿ. ಕೋನಮಾಪಕದಿಂದ 9 ಡಿಗ್ರಿಗೊಂದರಂತೆ 40 ಹೋಳು ಮಾಡಿ, ನಾಲ್ಕು ಬಣ್ಣಗಳನ್ನು ಅದೇ ಸರದಿಯಲ್ಲಿ 10 ಸಲ ತುಂಬಿ. ಒಂದು ವೃತ್ತವನ್ನು ನೋಡುತ್ತ ಇನ್ನೊಂದನ್ನು ಕಡೆಗಣ್ಣಿನಿಂದ ಗಮನಿಸಿ. ಚಲನೆ ಕಪ್ಪಿನಿಂದ ನೀಲಿಯ ಕಡೆಗೆ. ಸರದಿ ತಿರುವಿದರೆ ದಿಕ್ಕೂ ತಿರುವುಮುರುವು. ಅಲುಗದಿದ್ದರೆ ಹೆಚ್ಚಾಗಿ ತಪ್ಪು ನೀಲಿಯಲ್ಲಿರುತ್ತದೆ: ತಿಳಿನೀಲಿ ಬಳಸಿದರೆ ಅದರ ಹೊಳಪು ಹಳದಿಯ ಹತ್ತಿರ ಬಂದುಬಿಡುತ್ತದೆ. ಫೋನಿನಲ್ಲಿ ಕಪ್ಪು–ಬಿಳುಪು ಫೋಟೊ ತೆಗೆಯಿರಿ. ನೀಲಿ ಗಾಢ ಬೂದಾಗಿ, ಹಳದಿ ತಿಳಿ ಬೂದಾಗಿ ಕಾಣಲೇಬೇಕು.

ಪ್ರಶ್ನೆ: ಜೋಗದಲ್ಲಿ ನೀರನ್ನೇ ನೋಡುತ್ತಿದ್ದು ಬಂಡೆಯತ್ತ ತಿರುಗಿದರೆ ಬಂಡೆ ಮೇಲೇರಿದಂತಾಯಿತು. ಇದೂ ಅದೇ ಭ್ರಮೆಯೇ?

ಉತ್ತರ: ಅಲ್ಲ, ಇದು ದಣಿವಿನ ಫಲ. ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದಲ್ಲಿ ಕಂಡ ಇದನ್ನೇ ರಾಬರ್ಟ್ ಆಡಮ್ಸ್ 1834ರಲ್ಲಿ ದಾಖಲಿಸಿದರು. ಕೆಳಮುಖ ಚಲನೆಗೆ ಮಿಡಿಯುವ ನರಕೋಶಗಳು ದಣಿದಾಗ, ದಣಿಯದ ಮೇಲ್ಮುಖದವುಗಳ ಕೈ ಮೇಲಾಗುತ್ತದೆ. ಒಂದು ನಿಮಿಷ ನೀರಿನ ನಡುವೆ ಒಂದೇ ಕಡೆ ನೋಟ ನಿಲ್ಲಿಸಬೇಕು. ಕಣ್ಣು ಹನಿಗಳ ಬೆನ್ನುಹತ್ತಿದರೆ ಕೆಟ್ಟಿತು. ಬಂಡೆ ಏರುತ್ತಲೇ ಇರುತ್ತದೆ, ಆದರೆ ಇದ್ದಲ್ಲೇ ಇರುತ್ತದೆ! ಚಲನೆ, ಸ್ಥಾನ ಎರಡನ್ನೂ ಮಿದುಳು ಬೇರೆಬೇರೆಯಾಗಿ ಅಳೆಯುವುದರಿಂದ ಈ ವಿಚಿತ್ರ.